ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ ಸೋರುತ್ತಿದೆಯಾ? ಸೀಲ್ ತರುವ ಮೊದಲು ಗಾಡಿ ಅಡಿಗೆ ಮಲಗಿ

ಮೇ ತಿಂಗಳು ಬಂತೆಂದರೆ ನಮ್ಮ ಶಿರಸಿ ಕಡೆ ಎಲ್ಲರಿಗೂ ಮಳೆಗಾಲದ ತಯಾರಿಯ ಗಡಿಬಿಡಿ. ಮಾಡಿನ ಹಂಚು ನೋಡಬೇಕು, ಸೌದೆ ಒಳಗೆ ಹಾಕಬೇಕು, ಕೊಳೆ ಔಷಧಿಗೆ ಮೈಲುತುತ್ತ ತಂದಿಡಬೇಕು. ಮಾರುತಿ ಸುಜುಕಿ ಜಿಪ್ಸಿ ಇಟ್ಟುಕೊಂಡವರಿಗೆ ಇನ್ನೊಂದು ಕೆಲಸ ಜಾಸ್ತಿ. ಗಾಡಿ ಅಡಿಗೆ ಮಲಗಿ ಎಲ್ಲೆಲ್ಲಿ ಜಿಡ್ಡು ಕೂತಿದೆ ಅಂತ ನೋಡಬೇಕು. ಜೂನ್ ನಂತರ ನಮ್ಮ ತೋಟದ ದಾರಿ ಫೋರ್‌ವೀಲ್ ಹಾಕದೆ ಹತ್ತುವುದಿಲ್ಲ. ಅರ್ಧ ಏರಿನಲ್ಲಿ, ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕೂಗಲು ಶುರು ಮಾಡಿದರೆ ಅಲ್ಲಿ ಯಾವ ಮೆಕ್ಯಾನಿಕ್ಕೂ ಬರುವುದಿಲ್ಲ. ಉಂಬಳ (ಜಿಗಣೆ) ಮಾತ್ರ ಬರುತ್ತದೆ.

"ಜಿಪ್ಸಿ ಅಂದಮೇಲೆ ಸೋರದೇ ಇರ್ತದಾ" ಅನ್ನುವವರು ಬಹಳ. ಅದು ಅರ್ಧ ನಿಜ. ಸೀಲಿನ (ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ) ಸುತ್ತ ಸ್ವಲ್ಪ ಪಸೆ ಇದೆ, ಅದಕ್ಕೆ ಧೂಳು ಹಿಡಿದು ಕಪ್ಪಾಗಿದೆ ಅಂದರೆ ಸುಮ್ನೆ ಬಿಟ್ಟುಬಿಡಿ. ಒಂದು ರಾತ್ರಿ ನಿಂತರೆ ಅಂಗಳದಲ್ಲಿ ಕಲೆ ಬೀಳುತ್ತದೆ ಅಂದರೆ ಮಾತ್ರ ಪಾನಾ ಕೈಗೆ ತೆಗೆದುಕೊಳ್ಳಿ. ಜಿಪ್ಸಿಯ ಟ್ರಾನ್ಸ್‌ಫರ್ ಕೇಸಿಗೆ ಹಿಡಿಯುವುದೇ ಸುಮಾರು 0.8 ಲೀಟರ್ ಗೇರ್ ಆಯಿಲ್. ಎಂಜಿನ್ನಿನ ಹಾಗೆ ಮೂರು ನಾಲ್ಕು ಲೀಟರ್ ದಾಸ್ತಾನು ಅಲ್ಲಿಲ್ಲ. ಕಾಲು ಲೀಟರ್ ಹೋದರೂ ಗೇರುಗಳು ಮೇಲಿನ ಬೇರಿಂಗಿಗೆ ಆಯಿಲ್ ಎರಚುವುದು ಕಡಿಮೆಯಾಗುತ್ತದೆ. ಒಣಗಿದ ಬೇರಿಂಗ್ ಮೊದಲು ಕೂಗುತ್ತದೆ, ಆಮೇಲೆ ಸವೆಯುತ್ತದೆ. ಬೇರಿಂಗ್ ಸವೆದ ಮೇಲೆ ಶಾಫ್ಟ್ ಅಲುಗಾಡಿ ಹೊಸ ಸೀಲನ್ನೂ ತಿಂದು ಹಾಕುತ್ತದೆ.

ಸೀಲ್ ತಾನಾಗಿ ಹಾಳಾಗುವುದು ಕಡಿಮೆ. ಅದನ್ನು ಹಾಳು ಮಾಡುವುದು ಸಾಮಾನ್ಯವಾಗಿ ಬೇರೇನೋ ಇರುತ್ತದೆ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಹಿಂದಿನ ಸೀಲ್ ಹಾಕಿ ಕೊಟ್ಟರು. ಒಂದು ಮಳೆಗಾಲ ಬಾಳಲಿಲ್ಲ. ಮತ್ತೆ ಹಾಕಿದರು, ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಬ್ರೀದರ್, ಅಂದರೆ ಕೇಸಿನ ಒಳಗಿನ ಗಾಳಿ ಹೊರಗೆ ಹೋಗಲು ಬಿಟ್ಟ ನಳಿಗೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಗಾಡಿ ಓಡಿ ಕೇಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಸೀಲಿನ ತುಟಿಯನ್ನೇ ತಳ್ಳಿಕೊಂಡು ಆಯಿಲ್ ಸಮೇತ ಬರುತ್ತದೆ. ಅಲ್ಲಿ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಅಷ್ಟೇ. ಹಾಗಾಗಿ ಮೊದಲ ಕೆಲಸ ಬ್ರೀದರ್. ನಳಿಗೆ ಕಿತ್ತು ಬಾಯಿಂದ ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎಷ್ಟೋ ಸಲ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಿಂದ ಸೋರುತ್ತಿದೆ?

ಜಿಪ್ಸಿಯಲ್ಲಿ ಗೇರ್‌ಬಾಕ್ಸ್ ಬೇರೆ, ಟ್ರಾನ್ಸ್‌ಫರ್ ಕೇಸ್ ಬೇರೆ. ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ (ಶಕ್ತಿ ಸಾಗಿಸುವ, ತಿರುಗುವ ಶಾಫ್ಟ್) ಇದೆ. ಕೇಸ್ ಮೂರು ರಬ್ಬರ್ ಮೌಂಟಿಂಗ್ ಮೇಲೆ ಚಾಸಿಗೆ ತೂಗಿಕೊಂಡಿರುತ್ತದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಮುಂದಕ್ಕೆ, ಒಂದು ಹಿಂದಕ್ಕೆ. ಅಂದರೆ ಮೂರು ಫ್ಲೇಂಜ್ (ಪ್ರೊಪೆಲ್ಲರ್ ಬೋಲ್ಟ್ ಮಾಡುವ ಬಿಲ್ಲೆ), ಮೂರು ಆಯಿಲ್ ಸೀಲ್. ಕೇಸಿನ ಮೈ ಅಲ್ಯೂಮಿನಿಯಂ. ಮುಂದಿನದು, ನಡುವಿನದು, ಹಿಂದಿನದು ಅಂತ ತುಂಡುಗಳನ್ನು ಸೇರಿಸಿ ಬೋಲ್ಟ್ ಹಾಕಿರುತ್ತಾರೆ. ಸಂದಿಯಲ್ಲಿ ಕಾಗದದ ಪ್ಯಾಕಿಂಗ್ ಇಲ್ಲ, ಬರೀ ಲಿಕ್ವಿಡ್ ಗ್ಯಾಸ್ಕೆಟ್. ಇವಲ್ಲದೆ ಕೌಂಟರ್ ಶಾಫ್ಟಿನ ತುದಿಗೆ ಒಂದು ಓ-ರಿಂಗ್, ಸ್ಪೀಡೋಮೀಟರ್ ಕೇಬಲ್ ಕೂರುವ ಜಾಗಕ್ಕೊಂದು, ಫೋರ್‌ವೀಲ್ ದೀಪದ ಸ್ವಿಚ್ಚಿಗೊಂದು ವಾಷರ್, ಜೊತೆಗೆ ಆಯಿಲ್ ತುಂಬುವ ಮತ್ತು ಬಸಿಯುವ ನಟ್ಟುಗಳು. ಇಷ್ಟರಲ್ಲಿ ಎಲ್ಲಿಂದ ಬೇಕಾದರೂ ಬರಬಹುದು.

ಹಳೆಯ ಮಹೀಂದ್ರ ಜೀಪಿನವರು ಇದನ್ನು ಸ್ವಲ್ಪ ಬದಲಿಸಿ ಓದಿಕೊಳ್ಳಬೇಕು. ಆ ಡಾನಾ 18 ಕೇಸ್ ಗೇರ್‌ಬಾಕ್ಸಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಅಡಿಯಲ್ಲಿ ತಗಡಿನ ಪ್ಯಾನ್, ಅದಕ್ಕೊಂದು ಪ್ಯಾಕಿಂಗ್. ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟಿನ ಓ-ರಿಂಗ್ ಅದರಲ್ಲಿ ದೊಡ್ಡ ಕಳ್ಳ. ಹಿಂದಿನ ಸೀಲ್ ಹೋದರೆ ಆಯಿಲ್ ನೇರ ಹ್ಯಾಂಡ್‌ಬ್ರೇಕ್ ಡ್ರಮ್ಮಿಗೆ ಹೋಗುತ್ತದೆ. ಕುಮಟೆಯ ನಮ್ಮ ಭಾವನ ಜೀಪಿನ ಹ್ಯಾಂಡ್‌ಬ್ರೇಕ್ ಎಷ್ಟು ಬಿಗಿ ಮಾಡಿದರೂ ಹಿಡಿಯದೇ ಇದ್ದದ್ದು ಇದೇ ಕಾರಣಕ್ಕೆ. ಲೈನರ್ ಪೂರ್ತಿ ಗೇರ್ ಆಯಿಲ್ ಕುಡಿದಿತ್ತು.

ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಯಾವಾಗಲೂ ಹನಿಯಿಂದ ಮುಂದಕ್ಕೆ, ಮೇಲಕ್ಕೆ ಹುಡುಕಿಕೊಂಡು ಹೋಗಿ. ಕೇಸಿನ ಅಡಿ ಒದ್ದೆಯಾಗಿದೆ ಅಂತ ಡ್ರೈನ್ ನಟ್ಟಿಗೆ ಟೇಪು ಸುತ್ತಿದವರನ್ನು ನೋಡಿದ್ದೇನೆ. ಬರುತ್ತಿದ್ದದ್ದು ಸ್ಪೀಡೋಮೀಟರ್ ಕೇಬಲ್ಲಿನ ಬುಡದಿಂದ.

ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಬ್ರಷ್‌ನಿಂದ ಇಡೀ ಕೇಸ್ ತೊಳೆಯಿರಿ. ಗೇರ್‌ಬಾಕ್ಸಿನ ಹಿಂಭಾಗವನ್ನೂ ತೊಳೆಯಿರಿ, ಯಾಕೆಂದರೆ ಅಲ್ಲಿಯದೇ ಹಾರಿ ಬಂದು ಇಲ್ಲಿ ಕೂತಿರಬಹುದು. ಒಣಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ. ಹುಲೇಕಲ್ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಹೋಗಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪುಡಿಯಲ್ಲಿ ಆಯಿಲ್ ಹರಿದ ದಾರಿ ಸ್ಪಷ್ಟ ಕಾಣುತ್ತದೆ. ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ (ಕೊಳೆ ಔಷಧಿ) ತಂದ ಸುಣ್ಣ ಇದೆಯಲ್ಲ ಅಂತ ಅದನ್ನು ಹಚ್ಚಬೇಡಿ. ಸುಣ್ಣಕ್ಕೆ ತೇವ ತಾಗಿದರೆ ಅಲ್ಯೂಮಿನಿಯಂ ತಿನ್ನುತ್ತದೆ.

ಹನಿಯನ್ನು ಬೆರಳಿಗೆ ಹಚ್ಚಿ ಮೂಸಿಯೂ ನೋಡಿ. ಗೇರ್ ಆಯಿಲ್ ಮಂದ, ಗಂಧಕದ ಘಾಟು ವಾಸನೆ. ಎಂಜಿನ್ ಆಯಿಲ್ ಆದರೆ ಕಪ್ಪು, ತೆಳು, ಆ ವಾಸನೆ ಇಲ್ಲ. ಆಯಿಲ್ ಬೆಳ್ಳಗೆ ನೊರೆನೊರೆಯಾಗಿದ್ದರೆ ಒಳಗೆ ನೀರು ಸೇರಿದೆ. ನಮ್ಮಲ್ಲಿ ಇದು ಸಾಮಾನ್ಯ. ಘಟ್ಟ ಹತ್ತಿ ಬಿಸಿಯಾದ ಕೇಸ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ನೀರಿನ ಮಟ್ಟದಲ್ಲಿದ್ದರೆ ಅಲ್ಲಿಂದ, ಅದು ಕಟ್ಟಿಕೊಂಡಿದ್ದರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಹಳ್ಳ ದಾಟುವವರು ಬ್ರೀದರಿಗೆ ಉದ್ದ ರಬ್ಬರ್ ನಳಿಗೆ ಹಾಕಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಕಟ್ಟಿಬಿಡಿ. ತುದಿಯನ್ನು ಕೆಳಮುಖ ಮಾಡಿ ಸಣ್ಣ ಜಾಲರಿ ಸುತ್ತಿ. ಕುಂಬಾರ ಹುಳಕ್ಕೆ ಇಂಥ ತೂತು ಅಂದರೆ ಬಹಳ ಪ್ರೀತಿ.

ಇನ್ನೊಂದು ಪರೀಕ್ಷೆ ತಪ್ಪಿಸಬೇಡಿ. ಪ್ರೊಪೆಲ್ಲರ್ ಬಿಚ್ಚಿ ಫ್ಲೇಂಜನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬೇರಿಂಗ್ ಹೋಗಿದೆ. ಅಲ್ಲಿ ಸೀಲ್ ಮಾತ್ರ ಬದಲಿಸುವುದು ದುಡ್ಡು ದಂಡ. ಕೇಸ್ ಬಿಚ್ಚಲೇಬೇಕು.

ತಯಾರಿ

ಸೀಲ್ ಕೊಳ್ಳುವಾಗ ಹಳೆಯದನ್ನು ಒಯ್ಯಿರಿ. ಅದರ ಮುಖದ ಮೇಲೆ ಮೂರು ಸಂಖ್ಯೆ ಇರುತ್ತದೆ. 35-52-8 ಅಂತ ಇದ್ದರೆ ಒಳ ವ್ಯಾಸ 35, ಹೊರ ವ್ಯಾಸ 52, ದಪ್ಪ 8 ಮಿಲಿಮೀಟರ್ ಅಂತ ಅರ್ಥ. ಕಂಪನಿ ಪಾರ್ಟ್ ಶಿರಸಿಯಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಹೇಳಿ ತರಿಸಬಹುದು. ಅಲ್ಲೂ ಇಲ್ಲವಾದರೆ ಈ ಅಳತೆಯ ಮೇಲೆ ಒಳ್ಳೆಯ ಕಂಪನಿಯ ಸೀಲ್ ತೆಗೆದುಕೊಳ್ಳಿ. ತುಟಿಯನ್ನು ಬೆರಳಿನಿಂದ ಮಡಚಿ ನೋಡಿ. ಮೆತ್ತಗೆ ಬಾಗಿ ವಾಪಸ್ ಬರಬೇಕು. ವರ್ಷಗಟ್ಟಲೆ ಅಂಗಡಿಯ ಮೊಳೆಗೆ ನೇತಾಡಿ ಗಟ್ಟಿಯಾದ ಸೀಲ್ ಹೊಸದಾದರೂ ಹಳೆಯದೇ.

ಕೆಲಸ ಸಮತಟ್ಟು ಜಾಗದಲ್ಲಿ ಆಗಬೇಕು. ನಾನು ಅಡಿಕೆ ಒಣಗಿಸುವ ಅಂಗಳದಲ್ಲೇ ಮಾಡುತ್ತೇನೆ. ಅಡಿಕೆ ಎಲ್ಲ ಒಳಗೆ ಹೋದ ಮೇಲೆ, ಅದೂ ಅಡಿಗೆ ಹಳೆಯ ತಾಡಪಾಲು ಹಾಸಿ. ಇಲ್ಲದಿದ್ದರೆ ಆಯಿಯಿಂದ ಬೈಗುಳ ಗ್ಯಾರಂಟಿ. ನಾಲ್ಕೂ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಇದು ಸುಮ್ನೆ ಹೇಳುವ ಮಾತಲ್ಲ. ಗೇರಿನಲ್ಲಿ ಹಾಕಿದ್ದೇನೆ, ಗಾಡಿ ಎಲ್ಲಿ ಹೋಗುತ್ತದೆ ಅಂದುಕೊಂಡು ಅಡಿಗೆ ಹೋಗುತ್ತೀರಿ. ಪ್ರೊಪೆಲ್ಲರ್ ಬಿಚ್ಚಿದ ಕ್ಷಣ ಗೇರಿಗೂ ಗಾಲಿಗೂ ಸಂಬಂಧವೇ ಇಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ ಹ್ಯಾಂಡ್‌ಬ್ರೇಕ್ ಡ್ರಮ್ ಇರುವ ಗಾಡಿಯಾದರೆ ಹ್ಯಾಂಡ್‌ಬ್ರೇಕೂ ಹಿಡಿಯುವುದಿಲ್ಲ. ಎತ್ತರ ಬೇಕೆಂದರೆ ಜ್ಯಾಕ್ ಮೇಲೆ ನಂಬಿಕೆ ಇಡಬೇಡಿ. ಚಾಸಿಯ ಅಡಿಗೆ ಸ್ಟ್ಯಾಂಡ್ ಕೊಡಿ. ಚಿರೇಕಲ್ಲು ಪೇರಿಸಬೇಡಿ. ಭಾರ ಒಂದೇ ಕಡೆ ಬಿದ್ದರೆ ಚಿರೇಕಲ್ಲು ಹೇಳದೆ ಕೇಳದೆ ಒಡೆಯುತ್ತದೆ.

ಕರಾವಳಿಯ ಗಾಡಿಗಳಿಗೆ ಒಂದು ಕೆಲಸ ಹೆಚ್ಚು. ಕಾರವಾರ, ಅಂಕೋಲಾ, ಕುಮಟೆ ಕಡೆ ಉಪ್ಪುಗಾಳಿಗೆ ಕಬ್ಬಿಣದ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಹಿಡಿದು ಕೂತಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು ಆಮೇಲೆ ಪಾನಾ ಹಾಕಿ. ಬಲ ಹಾಕಿದರೆ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತು ಬರುತ್ತದೆ. ಎರಡಕ್ಕೂ ಲೇತ್ ಅಂಗಡಿಗೆ ಓಡಬೇಕು.

ಆಯಿಲ್ ಬಸಿಯುವ ಮೊದಲು ಆಯಿಲ್ ತುಂಬುವ ನಟ್ ಬಿಚ್ಚಿ. ಈ ಸರದಿ ಮರೆಯಬೇಡಿ. ಕೆಳಗಿನದನ್ನು ಬಿಚ್ಚಿ ಎಲ್ಲ ಬಸಿದ ಮೇಲೆ ಮೇಲಿನದು ಬರುವುದಿಲ್ಲ ಅಂತಾದರೆ ಗಾಡಿ ಅಲ್ಲೇ ಕೂತಿತು. ಬಸಿದ ಆಯಿಲನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಬೂದಿಯಂಥ ಲೋಹದ ಪುಡಿ ಸಹಜ. ಉಗುರಿಗೆ ಸಿಗುವ ಚೂರು ಇದ್ದರೆ ಗೇರಿನದ್ದೋ ಬೇರಿಂಗಿನದ್ದೋ, ಒಳಗೆ ನೋಡಲೇಬೇಕು.

ಹೊರಗಿನ ಸೀಲ್

ಹೆಚ್ಚಿನ ಸೋರಿಕೆ ಇಲ್ಲೇ. ಕೇಸ್ ಇಳಿಸದೆ ಮಾಡಬಹುದಾದ ಕೆಲಸ.

ಪ್ರೊಪೆಲ್ಲರ್ ಬಿಚ್ಚುವ ಮೊದಲು ಎರಡೂ ಫ್ಲೇಂಜಿನ ಅಂಚಿಗೆ ಅಡ್ಡವಾಗಿ ಬಣ್ಣದ ಗೆರೆ ಎಳೆಯಿರಿ. ವಾಪಸ್ ಹಾಗೆಯೇ ಕೂರಬೇಕು. ಇಲ್ಲದಿದ್ದರೆ ಬ್ಯಾಲೆನ್ಸ್ ತಪ್ಪಿ ಗಾಡಿ ನಡುಗುತ್ತದೆ. ಆ ನಡುಕವೇ ಮತ್ತೆ ಸೀಲ್ ತಿನ್ನುತ್ತದೆ. ಬಿಚ್ಚಿದ ಪ್ರೊಪೆಲ್ಲರ್ ಕ್ರಾಸನ್ನೂ (ತುದಿಯ ಕೀಲಿನ ಅಡ್ಡತುಂಡು) ಅಲ್ಲಾಡಿಸಿ ನೋಡಿ. ಕ್ರಾಸ್ ಸವೆದಿದ್ದರೆ ಈಗಲೇ ಬದಲಿಸಿ.

ಫ್ಲೇಂಜಿನ ನಡುವಿನ ದೊಡ್ಡ ನಟ್ ಬಹಳ ಬಿಗಿ. ಕೆಲವು ಗಾಡಿಗಳಲ್ಲಿ ನಟ್ಟಿನ ಅಂಚನ್ನು ಶಾಫ್ಟಿನಲ್ಲಿ ಕೊರೆದ ಸೀಳಿಗೆ ತಟ್ಟಿ ಕೂರಿಸಿರುತ್ತಾರೆ. ಮೊದಲು ಸಣ್ಣ ಉಳಿಯಿಂದ ಅದನ್ನು ಎಬ್ಬಿಸಿ. ಫ್ಲೇಂಜ್ ತಿರುಗದಂತೆ ಅದರ ಎರಡು ತೂತಿಗೆ ಬೋಲ್ಟ್ ಹಾಕಿ ಉದ್ದ ಕಬ್ಬಿಣದ ಪಟ್ಟಿ ಕೊಡಿ, ಪಟ್ಟಿಯ ತುದಿ ಚಾಸಿಗೆ ತಾಗಿ ನಿಲ್ಲಲಿ. ಆಮೇಲೆ ಗೋಟಿಗೆ (ಸಾಕೆಟ್) ಉದ್ದ ಹಿಡಿಕೆ ಹಾಕಿ ಎಳೆಯಿರಿ. ನಟ್ ಬಂದ ಮೇಲೆ ಫ್ಲೇಂಜ್ ಕೈಯಲ್ಲೇ ಬಂದರೆ ಪುಣ್ಯ, ಇಲ್ಲದಿದ್ದರೆ ಪುಲ್ಲರ್. ನಾನು ಮೊದಲು ಕೆಲಸ ಕಲಿತ ಮೇಸ್ತ್ರಿ ಇಲ್ಲಿ ಸುತ್ತಿಗೆ ಎತ್ತಿದರೆ ಕೈ ಹಿಡಿಯುತ್ತಿದ್ದರು. "ತಮಾ, ಬಡಿಯಡ. ಬೇರಿಂಗಿಗೆ ಬೀಳ್ತು" ಅನ್ನುತ್ತಿದ್ದರು. ನಿಜ. ಫ್ಲೇಂಜಿಗೆ ಹೊಡೆದ ಪೆಟ್ಟು ಪೂರ್ತಿ ಬೇರಿಂಗಿನ ಗುಂಡಿಗೆ ಹೋಗುತ್ತದೆ.

ಫ್ಲೇಂಜ್ ಕೈಗೆ ಬಂತಲ್ಲ, ಈಗ ಅವಸರ ಮಾಡಬೇಡಿ. ಅದನ್ನು ಒರೆಸಿ ಬಿಸಿಲಿಗೆ ಹಿಡಿಯಿರಿ. ಸೀಲಿನ ತುಟಿ ಕೂರುವ ನುಣುಪು ಭಾಗದಲ್ಲಿ ಸುತ್ತಲೂ ಹೊಳೆಯುವ ಒಂದು ಗೆರೆ ಕಾಣುತ್ತದೆ. ರಬ್ಬರ್ ಉಕ್ಕನ್ನು ಹೇಗೆ ಕೊರೆಯುತ್ತದೆ ಅನ್ನಿಸಬಹುದು. ಕೊರೆಯುವುದು ರಬ್ಬರ್ ಅಲ್ಲ, ತುಟಿಯ ಅಡಿಗೆ ಸಿಕ್ಕಿಕೊಂಡ ಧೂಳು ಮತ್ತು ಮರಳು. ಗೆರೆಯ ಮೇಲೆ ಉಗುರು ಅಡ್ಡ ಎಳೆಯಿರಿ. ಉಗುರು ಜಾರಿ ಹೋದರೆ ಚಿಂತೆಯಿಲ್ಲ, 600 ನಂಬರ್ ಎಮರಿ ಪೇಪರಿಗೆ ಸ್ವಲ್ಪ ಆಯಿಲ್ ಹಾಕಿ ಸುತ್ತಲೂ ತಿಕ್ಕಿದರೆ ಸಾಕು. ಉದ್ದುದ್ದ ತಿಕ್ಕಬೇಡಿ, ಆ ಗೀರಿನಲ್ಲೇ ಆಯಿಲ್ ದಾರಿ ಮಾಡಿಕೊಂಡು ಬರುತ್ತದೆ. ಉಗುರು ಸಿಕ್ಕಿ ನಿಂತರೆ ಹೊಸ ಸೀಲ್ ಹಾಕಿಯೂ ಪ್ರಯೋಜನ ಇಲ್ಲ. ಆಗ ಮೂರು ದಾರಿ. ಹೊಸ ಫ್ಲೇಂಜ್ ಹಾಕುವುದು ಒಂದು. ಫ್ಲೇಂಜಿನ ಮೇಲೆ ತೆಳು ಉಕ್ಕಿನ ಸ್ಲೀವ್ ಹಾಕಿಸುವುದು ಇನ್ನೊಂದು. ಇವೆರಡೂ ಆಗದಿದ್ದರೆ ಸೀಲನ್ನು ಮೊದಲಿದ್ದ ಜಾಗಕ್ಕಿಂತ ಒಂದೂವರೆ ಎರಡು ಮಿಲಿಮೀಟರ್ ಆಚೀಚೆ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವ ಹಾಗೆ ಮಾಡುವುದು. ಈ ಕೊನೆಯದು ಬಡವರ ಉಪಾಯ, ಆದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸೀಲಿನ ಹಿಂದೆ ಆಯಿಲ್ ವಾಪಸ್ ಹೋಗುವ ತೂತು ಇದ್ದರೆ ಅದು ಮಾತ್ರ ಮುಚ್ಚಬಾರದು.

ಹಳೆಯ ಸೀಲ್ ಕೀಳುವಾಗ ಅಲ್ಯೂಮಿನಿಯಂ ಗೂಡಿಗೆ ಗೀರು ಬೀಳಬಾರದು. ಸೀಲಿನ ತಗಡಿಗೆ ಎದುರುಬದುರಾಗಿ ಎರಡು ಸಣ್ಣ ತೂತು ಕೊರೆದು, ತಗಡಿನ ಸ್ಕ್ರೂ ಹಾಕಿ ಇಕ್ಕಳದಲ್ಲಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಎಳೆದರೆ ನೀಟಾಗಿ ಬರುತ್ತದೆ. ಡ್ರಿಲ್ ತೀರಾ ಒಳಗೆ ಹೋಗದಿರಲಿ, ಹಿಂದೆಯೇ ಬೇರಿಂಗ್ ಇದೆ. ಡ್ರಿಲ್ಲಿನ ಚೂರು ಒಳಗೆ ಬೀಳದಂತೆ ಅದರ ತುದಿಗೆ ಗ್ರೀಸ್ ಹಚ್ಚಿಕೊಳ್ಳಿ.

ಹೊಸ ಸೀಲಿನ ಸ್ಪ್ರಿಂಗ್ ಇರುವ ಬದಿ ಯಾವಾಗಲೂ ಆಯಿಲ್ ಕಡೆಗೆ, ಅಂದರೆ ಒಳಮುಖ. ಕೆಲವು ಸೀಲಿನ ಮೇಲೆ ಶಾಫ್ಟ್ ತಿರುಗುವ ದಿಕ್ಕಿಗೆ ಬಾಣದ ಗುರುತು ಇರುತ್ತದೆ, ಅದನ್ನೂ ನೋಡಿ. ತುಟಿಗೆ ಗ್ರೀಸ್ ಹಚ್ಚಿ. ಒಣ ತುಟಿ ಮೊದಲ ಕಿಲೋಮೀಟರಿನಲ್ಲೇ ಸುಡುತ್ತದೆ. ಸ್ಪ್ರಿಂಗ್ ಹಾರದ ಹಾಗೆ ಅದರ ಮೇಲೂ ಸ್ವಲ್ಪ ಗ್ರೀಸ್ ಇರಲಿ. ಸೀಲಿನ ಹೊರ ಅಂಚಿಗೆ ತಾಗುವಷ್ಟೇ ಅಗಲದ ದೊಡ್ಡ ಗೋಟಿ ಅಥವಾ ಪೈಪಿನ ತುಂಡು ಇಟ್ಟು, ಮೇಲೆ ಮರದ ತುಂಡು ಕೊಟ್ಟು ಸುತ್ತಲೂ ಸಮವಾಗಿ ತಟ್ಟುತ್ತಾ ಕೂರಿಸಿ. ಓರೆಯಾದರೆ ಸೀಲಿನ ತಗಡು ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಎಸೆಯಿರಿ.

ಬಹಳ ಮಂದಿ ಬಿಡುವ ಒಂದು ಜಾಗ ಇಲ್ಲಿದೆ. ಸೀಲ್ ಹೊಸದು, ಫ್ಲೇಂಜ್ ನುಣುಪು, ಆದರೂ ಹನಿ. ಆಯಿಲ್ ಸೀಲಿನಿಂದ ಬರುತ್ತಲೇ ಇಲ್ಲ, ಶಾಫ್ಟಿನ ಹಲ್ಲುಗಳ ಸಂದಿಯಿಂದ ಫ್ಲೇಂಜಿನೊಳಗೆ ಸಾಗಿ ನಟ್ಟಿನ ಅಡಿಯಿಂದ ಹೊರಬರುತ್ತದೆ. ಫ್ಲೇಂಜಿನ ನಡುವೆ ನಟ್ ಕೂರುವ ಗುಳಿಯಲ್ಲಿ ಆಯಿಲ್ ನಿಂತಿದ್ದರೆ ಇದೇ ಕಾರಣ. ಫ್ಲೇಂಜ್ ಹಾಕುವಾಗ ಹಲ್ಲುಗಳ ಹೊರತುದಿಗೆ, ವಾಷರ್ ಕೂರುವ ಮುಖಕ್ಕೆ ತೆಳುವಾಗಿ ಸೀಲೆಂಟ್ ಹಚ್ಚಿ. ನಟ್ ಹೊಸದಿರಲಿ, ಟಾರ್ಕ್ ಪಾನಾದಲ್ಲಿ ಸರ್ವಿಸ್ ಪುಸ್ತಕ ಹೇಳಿದಷ್ಟು ಬಿಗಿ ಮಾಡಿ. ಟಾರ್ಕ್ ಪಾನಾ ಇಲ್ಲದಿದ್ದರೆ ಒಂದು ದಿನಕ್ಕೆ ಯಾರಿಂದಲಾದರೂ ಕೇಳಿ ತನ್ನಿ.

ಕೇಸ್ ಬಿಚ್ಚಲೇಬೇಕಾದರೆ

ಪೌಡರ್ ಮೇಲಿನ ಗೆರೆ ಮೈಯ ಸಂದಿಯಿಂದ ಶುರುವಾಗಿದ್ದರೆ ಅಥವಾ ಬೇರಿಂಗ್ ಆಡುತ್ತಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಹೊರಗಿಂದ ಸಂದಿಗೆ ಎಂ-ಸೀಲ್ ಮೆತ್ತುವುದು ಕೆಲಸವಲ್ಲ. ಒಳಗಿನಿಂದ ತಳ್ಳುವ ಆಯಿಲ್ ಅದನ್ನು ಎಬ್ಬಿಸುತ್ತದೆ. ಮುಂದಿನ ಸಲ ಬಿಚ್ಚುವವನು ನಿಮಗೆ ಶಾಪ ಹಾಕುತ್ತಾನೆ.

ಇಳಿಸುವುದು ಕಷ್ಟವಲ್ಲ. ಮೂರೂ ಪ್ರೊಪೆಲ್ಲರ್ ಬಿಚ್ಚಿ. ಒಳಗಿನಿಂದ ಲಿವರಿನ ರಬ್ಬರ್ ಎತ್ತಿ, ಅದರ ಅಡಿಯ ಟೋಪಿಯನ್ನು ಒತ್ತಿ ತಿರುಗಿಸಿದರೆ ಲಿವರ್ ಮೇಲೆ ಬರುತ್ತದೆ. ಸ್ಪೀಡೋಮೀಟರ್ ಕೇಬಲ್, ಸ್ವಿಚ್ಚಿನ ವೈರು, ಬ್ರೀದರ್ ನಳಿಗೆ ಕಳಚಿ. ಕೇಸಿನ ಅಡಿಗೆ ಜ್ಯಾಕ್ ಕೊಟ್ಟು ಮೂರು ಮೌಂಟಿಂಗಿನ ಬೋಲ್ಟ್ ತೆಗೆಯಿರಿ. ಇಬ್ಬರು ಇರಲಿ. ಒಬ್ಬನೇ ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ. ರಬ್ಬರ್ ಒಡೆದಿದ್ದರೆ ಈಗಲೇ ಬದಲಿಸಿ, ಕೇಸ್ ಕುಣಿದರೆ ಸೀಲಿಗೂ ಕುತ್ತು.

ಒಳಗಿನ ಸಾಮಾನು ಇಡಲು ನಮ್ಮಲ್ಲಿ ಹಾಳೆ ತಟ್ಟೆಗೆ ಬರವೇ? ಸಾಲಾಗಿ ಇಟ್ಟು ಬಿಚ್ಚಿದ ಸರದಿಯಲ್ಲೇ ಒಂದೊಂದನ್ನೂ ಒಂದೊಂದು ತಟ್ಟೆಗೆ ಹಾಕಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆಯಿರಿ. ಶಿಫ್ಟ್ ರಾಡಿನ ಸಣ್ಣ ಉಕ್ಕಿನ ಗುಂಡು ಮತ್ತು ಸ್ಪ್ರಿಂಗ್ ಹಾರಿ ಹೋಗುತ್ತವೆ. ರಾಡ್ ಎಳೆಯುವಾಗ ತೂತಿನ ಬಾಯಿಗೆ ಬಟ್ಟೆ ಹಿಡಿಯಿರಿ. ಶಿಮ್ ಅಂತ ಕಾಗದದಷ್ಟು ತೆಳು ತಗಡು ಎಲ್ಲಾದರೂ ಸಿಕ್ಕರೆ ಅದು ಕಸವಲ್ಲ. ಬೇರಿಂಗಿನ ಸಡಿಲ ಬಿಗಿ ತೀರ್ಮಾನ ಮಾಡುವುದೇ ಅದು. ಯಾವ ಕಡೆಯದೋ ಅದೇ ಕಡೆ ವಾಪಸ್ ಹೋಗಬೇಕು.

ಎರಡು ಭಾಗ ಬಿಡಿಸುವಾಗ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ಬದಿಯಲ್ಲಿ ಎಬ್ಬಿಸಲೆಂದೇ ಬಿಟ್ಟ ಕಿವಿಗಳಿರುತ್ತವೆ. ಅಲ್ಲಿಗೆ ಮರದ ಸುತ್ತಿಗೆಯಿಂದ ತಟ್ಟಿ. ಮುಖಕ್ಕೆ ಒಂದು ಗೀರು ಬಿದ್ದರೆ ಆ ಗೀರೇ ಮುಂದಿನ ಸೋರಿಕೆ.

ಹಳೆಯ ಸೀಲೆಂಟ್ ಕೆರೆಯುವುದು ಈ ಇಡೀ ಕೆಲಸದಲ್ಲಿ ಬೇಜಾರಿನದು, ಮುಖ್ಯವಾದದ್ದೂ ಹೌದು. ಉಕ್ಕಿನ ಬ್ಲೇಡು ಅಲ್ಯೂಮಿನಿಯಂ ತೆಗೆಯುತ್ತದೆ. ನಾನು ಬಳಸುವುದು ಅಡಿಕೆ ದಬ್ಬೆ. ಬೇಲಿಗೆ ಸೀಳಿಟ್ಟ ಒಣ ದಬ್ಬೆಯ ತುಂಡು ತಂದು ಕತ್ತಿಯಲ್ಲಿ ಉಳಿಯ ಬಾಯಿ ಥರ ಓರೆ ಮಾಡಿಕೊಳ್ಳುತ್ತೇನೆ. ಹೊರಭಾಗದ ಗಟ್ಟಿ ನಾರು ಬಾಯಿಯ ಕಡೆ ಬರಬೇಕು. ಅದು ಸೀಲೆಂಟನ್ನು ಪದರಪದರವಾಗಿ ಎಬ್ಬಿಸುತ್ತದೆ, ಲೋಹಕ್ಕೆ ಗೀರು ಹಾಕುವುದಿಲ್ಲ. ಬಾಯಿ ಮೊಂಡಾದರೆ ಮತ್ತೊಂದು ಸಲ ಕತ್ತಿಗೆ ಕೊಡಿ. ಬೋಲ್ಟ್ ತೂತಿನ ಸುತ್ತ, ಎರಡು ಭಾಗ ಸರಿಯಾಗಿ ಕೂರಿಸುವ ಡೋವೆಲ್ ಪಿನ್ನಿನ ಬುಡದಲ್ಲಿ ಸ್ವಲ್ಪ ಉಳಿದುಕೊಳ್ಳುತ್ತದೆ, ಅಲ್ಲಿ ಟೂತ್‌ಬ್ರಷ್‌ಗೆ ಥಿನ್ನರ್ ಹಾಕಿ ತಿಕ್ಕಿ. ಕೆರೆದ ಚೂರು ಒಳಗೆ ಬೀಳದಂತೆ ಬೇರಿಂಗಿನ ಮೇಲೆ ಬಟ್ಟೆ ಮುಚ್ಚಿರಲಿ. ಕೊನೆಗೆ ಬಿಳಿ ಬಟ್ಟೆಯಲ್ಲಿ ಥಿನ್ನರ್ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಇರಬೇಕು. ಆಯಿಲ್ ಜಿಡ್ಡು ಇರುವ ಮುಖಕ್ಕೆ ಯಾವ ಸೀಲೆಂಟೂ ಅಂಟುವುದಿಲ್ಲ. ಮುಖ ಸಮವಾಗಿದೆಯಾ ಅಂತ ದಪ್ಪ ಗಾಜಿನ ಮೇಲೆ ಇಟ್ಟು ನೋಡಿ. ಮೂಲೆಯಲ್ಲಿ ಒತ್ತಿದಾಗ ಅಲುಗಿದರೆ ಬಾಗಿದೆ.

ಸೀಲೆಂಟ್ ಬಗ್ಗೆ. ಸುಜುಕಿಯವರು ಹೇಳುವುದು ಸುಜುಕಿ ಬಾಂಡ್ 1215. ಅದು ಸಿಕ್ಕರೆ ಸರಿ. ಸಿಗದಿದ್ದರೆ ಆಯಿಲ್ ತಾಳುವ ಆರ್‌ಟಿವಿ ಸಿಲಿಕೋನ್, ಅನಬಾಂಡ್ ಥರದ್ದು. ಬಚ್ಚಲಮನೆಗೆ ಹಚ್ಚುವ ಸಿಲಿಕೋನ್ ಬೇಡ, ಗೇರ್ ಆಯಿಲಿಗೆ ಅದು ಉಬ್ಬಿ ಕಿತ್ತು ಬರುತ್ತದೆ. ಆರ್‌ಟಿವಿ ಒಣಗುವುದು ಬಿಸಿಲಿಗಲ್ಲ, ಗಾಳಿಯ ತೇವ ಹೀರಿಕೊಂಡು. ಹಾಗಾಗಿ ನಮ್ಮ ಮಳೆಗಾಲದ ಗಾಳಿ ಅದಕ್ಕೆ ಶತ್ರುವಲ್ಲ. ಮುಖದ ಮೇಲೆ ನೀರಿನ ಹನಿ ಮಾತ್ರ ಇರಬಾರದು. ಇನ್ನೊಂದು ಜಾತಿ ಇದೆ, ಲೋಕ್‌ಟೈಟ್ 518 ಥರದ್ದು. ಅದು ಗಾಳಿ ತಾಗದ ಲೋಹದ ಸಂದಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಎರಡು ಮುಖವೂ ಸಮವಾಗಿದ್ದರೆ ಚೆನ್ನಾಗಿ ಹಿಡಿಯುತ್ತದೆ. ಗೀರು ಬಿದ್ದ ಹಳೆಯ ಕೇಸಿಗೆ ನನ್ನ ಆಯ್ಕೆ ಆರ್‌ಟಿವಿಯೇ.

ಎರಡು ಮಿಲಿಮೀಟರ್ ದಪ್ಪದ ಒಂದೇ ಎಳೆ, ಎಲ್ಲೂ ಕಡಿಯದಂತೆ, ಬೋಲ್ಟ್ ತೂತಿನ ಒಳಬದಿಯಿಂದ ಸುತ್ತಿಕೊಂಡು ಬರಬೇಕು. ಜಾಸ್ತಿ ಹಾಕಿದರೆ ಗಟ್ಟಿ ಅನ್ನುವುದು ತಪ್ಪು ಲೆಕ್ಕ. ಹೆಚ್ಚಾದದ್ದು ಒಳಗೆ ಹಿಂಡಿಕೊಂಡು, ಒಣಗಿ, ತುಂಡಾಗಿ ಆಯಿಲ್ ಹೋಗುವ ದಾರಿಗೆ ಅಡ್ಡ ಕೂರುತ್ತದೆ. ಹಚ್ಚಿದ ಮೇಲೆ ಚಹಾ ಕುಡಿಯಲು ಹೋಗಬೇಡಿ. ಹತ್ತು ನಿಮಿಷದೊಳಗೆ ಜೋಡಿಸಿಬಿಡಿ. ಡೋವೆಲ್ ಪಿನ್ ಮರೆಯಬೇಡಿ. ಕೌಂಟರ್ ಶಾಫ್ಟಿಗೆ ಹೊಸ ಓ-ರಿಂಗ್ ಆಯಿಲ್ ಹಚ್ಚಿ ಹಾಕಿ. ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಒಳಗಿನ ಆಯಿಲ್‌ವರೆಗೆ ಹೋಗುವ ಬೋಲ್ಟಿನ ಥ್ರೆಡ್ಡಿಗೂ ಸೀಲೆಂಟ್ ಬೇಕು. ಆಮೇಲೆ ಇನ್‌ಪುಟ್ ಫ್ಲೇಂಜ್ ಕೈಯಲ್ಲಿ ತಿರುಗಿಸಿ, ಲಿವರನ್ನು ಹೈ, ನ್ಯೂಟ್ರಲ್, ಲೋ ಎಲ್ಲಕ್ಕೂ ಹಾಕಿ ನೋಡಿ. ಎಲ್ಲಾದರೂ ಹಿಡಿದರೆ ಗಾಡಿಗೆ ಏರಿಸುವ ಮೊದಲೇ ಗೊತ್ತಾಗಲಿ.

ಆಯಿಲ್ ತುಂಬುವುದು ಮರುದಿನ. ಟ್ಯೂಬಿನ ಮೇಲೆ 24 ಗಂಟೆ ಅಂತ ಬರೆದಿದ್ದರೆ 24 ಗಂಟೆಯೇ. "ಸಂಜೆ ಶಿರಸಿ ಪೇಟೆಗೆ ಹೋಗೋದಿತ್ತು" ಅನ್ನುವ ಕಾರಣಕ್ಕೆ ಎಷ್ಟೋ ಒಳ್ಳೆಯ ಕೆಲಸ ಹಾಳಾಗಿದೆ.

ಆಯಿಲ್, ಆಮೇಲಿನ ಪರೀಕ್ಷೆ

80ಡಬ್ಲ್ಯೂ-90 ಗೇರ್ ಆಯಿಲ್, ಜಿಎಲ್-4. ಗಾಡಿ ಸಮತಟ್ಟಾಗಿ ನಿಲ್ಲಿಸಿ, ತುಂಬುವ ತೂತಿನಿಂದ ತಾನಾಗಿ ಹೊರಬರುವವರೆಗೆ ಹಾಕಿ, ಹರಿಯುವುದು ನಿಂತ ಮೇಲೆ ನಟ್ ಬಿಗಿ ಮಾಡಿ. ಇದು ಹೆಚ್ಚಾದರೂ ತೊಂದರೆ, ಸೀಲಿನ ಮೇಲೆ ಭಾರ ಬೀಳುತ್ತದೆ.

ಮೊದಲ ದಿನ ಹತ್ತಿರದಲ್ಲೇ ಓಡಿಸಿ, ಕೈಯಿಟ್ಟು ಬಿಸಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಬೇರಿಂಗ್ ಅತಿ ಬಿಗಿಯಾಗಿದೆ ಅಥವಾ ಆಯಿಲ್ ಇಲ್ಲ. ಸರಿಯಿದ್ದರೆ ದೇವಿಮನೆ ಘಟ್ಟ ಇಳಿದು ಹತ್ತಿ ಬನ್ನಿ. ಏರಿನಲ್ಲಿ ಚೆನ್ನಾಗಿ ಬಿಸಿಯಾದ ಮೇಲೂ ಒಣಗಿಯೇ ಇದ್ದರೆ ಕೆಲಸ ಗೆದ್ದ ಹಾಗೆ. ಫೋರ್‌ವೀಲ್ ಪರೀಕ್ಷೆ ಟಾರ್ ರಸ್ತೆಯಲ್ಲಿ ಬೇಡ. ಜಿಪ್ಸಿಯಲ್ಲಿ ನಡುವಿನ ಡಿಫರೆನ್ಷಿಯಲ್ (ಮುಂದಿನ ಹಿಂದಿನ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರು) ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಸುತ್ತುವ ಲೆಕ್ಕ ಬೇರೆ ಬೇರೆಯಾಗಿ ಎಲ್ಲ ಎಳೆತ ಇದೇ ಕೇಸಿನ ಮೇಲೆ ಬೀಳುತ್ತದೆ. ತೋಟದ ಮಣ್ಣು ದಾರಿಯಲ್ಲಿ ಲೋ ಹಾಕಿ ನೋಡಿ.

ಒಂದು ವಾರದ ಮೇಲೆ ಪ್ರೊಪೆಲ್ಲರ್ ಬೋಲ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ, ಆಯಿಲ್ ಮಟ್ಟ ನೋಡಿ. ಮಳೆಗಾಲದಲ್ಲಿ ಹಳ್ಳದ ನೀರು ಕೇಸಿನ ಮೇಲೆ ಬಂದ ದಿನವೂ ಅಷ್ಟೇ. ಮರುದಿನ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು ಡ್ರೈನ್ ನಟ್ ಸ್ವಲ್ಪ ಸಡಿಲ ಮಾಡಿ. ನೀರು ಆಯಿಲಿಗಿಂತ ಭಾರ, ಇದ್ದರೆ ಮೊದಲು ಅದೇ ಬರುತ್ತದೆ.

ಬಸಿದ ಹಳೆಯ ಆಯಿಲನ್ನು ಹಳ್ಳದ ಬದಿಗೆ ಚೆಲ್ಲಬೇಡಿ. ನಮ್ಮ ಹಳ್ಳದ ನೀರು ಹೋಗಿ ಸೇರುವುದು ಅಘನಾಶಿನಿಗೆ. ಡಬ್ಬಿಯಲ್ಲಿ ಶೇಖರಿಸಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಡುಗೆಮನೆಯಿಂದ ದೂರ ಇಡಿ, ಯಾಕೆಂದರೆ ಡಬ್ಬಿಯೊಳಗೆ ಅದು ಥೇಟ್ ಜೋನಿಬೆಲ್ಲದ ಹಾಗೇ ಕಾಣುತ್ತದೆ.